ಸೀನನ ಕಾರ್ಡು ಅಮೆರಿಕ ನೋಡಿ ಬಂತು

ಭಾನುವಾರ ಬೆಳಿಗ್ಗೆ ದರ್ಶಿನಿಯ ಸ್ಟೀಲ್ ಟೇಬಲ್ ಸುತ್ತ ನಿಲ್ಲುವವರು ನಾವು ನಾಲ್ಕು ಜನ. ನಾನು, ಸೀನ, ಗಣಿತದ ಮೇಷ್ಟ್ರು, ಮತ್ತೆ ಬ್ಯಾಂಕಿನಿಂದ ರಿಟೈರ್ ಆದರೂ ಬ್ಯಾಂಕನ್ನು ಬಿಡದ ಶಾಮಣ್ಣ. ಎರಡು ಬೈಟೂ ಕಾಫಿಗೆ ಒಂದೂವರೆ ಗಂಟೆ ಮಾತು, ಅದು ನಮ್ಮ ರೇಟು. ಮೊನ್ನೆ ಸೀನ ಮುಖ ಊದಿಸಿಕೊಂಡು ಬಂದ.

"ನಾನು ಇನ್ನೂ ಪಾಸ್‌ಪೋರ್ಟ್ ಮಾಡಿಸಿಲ್ಲ. ನನ್ನ ಕ್ರೆಡಿಟ್ ಕಾರ್ಡು ಆಗಲೇ ಅಮೆರಿಕ ನೋಡ್ಕೊಂಡು ಬಂತು."

ಆಗಿದ್ದು ಇಷ್ಟು. ಒಂದು ಶುಕ್ರವಾರ ರಾತ್ರಿ ಅವನ ಫೋನಿಗೆ ಒಂದು ಡಾಲರ್ ಖರ್ಚಾಯಿತು ಅಂತ ಮೆಸೇಜು ಬಂದಿದೆ. ಯಾವುದೋ ಚಾರ್ಜ್ ಇರಬೇಕು ಅಂದುಕೊಂಡು ಸೀನ ಮಗ್ಗುಲು ಬದಲಿಸಿ ಮಲಗಿದ. ಬೆಳಿಗ್ಗೆ ಎದ್ದರೆ ಇನ್ನೂ ಮೂರು ಮೆಸೇಜು. ಎಲ್ಲಾ ಸೇರಿ 42 ಸಾವಿರ ರೂಪಾಯಿ. ಕಾರ್ಡು ನೋಡಿದರೆ ಪರ್ಸಿನಲ್ಲಿ ದೇವರ ಪಟದ ಹಿಂದೆ ಭದ್ರವಾಗಿದೆ. ಒಂದೇ ಒಂದು ಒಟಿಪಿ ಬಂದಿಲ್ಲ.

"ಆ ಒಂದು ಡಾಲರು ಇದೆಯಲ್ಲ, ಅದು ಕಳ್ಳ ಬಾಗಿಲು ತಟ್ಟಿ ನೋಡಿದ್ದು" ಅಂದರು ಶಾಮಣ್ಣ. "ಕದ್ದ ನಂಬರುಗಳು ಮೂಟೆಗಟ್ಟಲೆ ಮಾರಾಟ ಆಗ್ತವೆ. ಕೊಂಡವನು ಯಾವುದಕ್ಕೆ ಜೀವ ಇದೆ ಅಂತ ಮೊದಲು ಚಿಲ್ಲರೆ ಉಜ್ಜಿ ನೋಡ್ತಾನೆ. ನೀನು ಮಗ್ಗುಲು ಬದಲಿಸಿದೆ. ಅವನು ಒಳಗೆ ಬಂದ."

"ಒಟಿಪಿ ಇಲ್ಲದೆ ಹೇಗೆ ಬಂದ?" ಅಂದೆ.

"ಆನ್‌ಲೈನ್ ಖರೀದಿಗೆ ಒಟಿಪಿಯಂಥ ಇನ್ನೊಂದು ಪರೀಕ್ಷೆ ಇರಲೇಬೇಕು ಅನ್ನೋದು ನಮ್ಮ ದೇಶದ ಕಟ್ಟಳೆ. ಹೊರದೇಶದ ಎಷ್ಟೋ ಅಂಗಡಿಗಳಿಗೆ ಕಾರ್ಡಿನ ನಂಬರು, ಮುಗಿಯೋ ತಿಂಗಳು, ಹಿಂದಿರೋ ಮೂರು ಅಂಕಿ ಇದ್ದರೆ ಸಾಕು. ಅದಕ್ಕೇ ರಿಸರ್ವ್ ಬ್ಯಾಂಕು 2020ರಲ್ಲಿ ಹೊಸ ಕಾರ್ಡುಗಳಿಗೆ ವಿದೇಶದ ವ್ಯವಹಾರ ಬಂದ್ ಮಾಡಿಯೇ ಕೊಡಿ ಅಂದಿದ್ದು. ಬೇಕಾದವರು ಆ್ಯಪಿನಲ್ಲಿ ಸ್ವಿಚ್ ಹಾಕ್ಕೋಬೇಕು. ನಿನ್ನ ಸ್ವಿಚ್ ಯಾರು ಹಾಕಿದ್ದು?"

ಸೀನ ಕಾಫಿ ಲೋಟದೊಳಗೆ ನೋಡಿದ. "ಎರಡು ವರ್ಷದ ಹಿಂದೆ... ಫಾರಿನ್ನಿಂದ ಕೂದಲು ಬೆಳೆಯೋ ಎಣ್ಣೆ ತರಿಸಿದ್ದೆ."

ನಾವು ಮೂವರೂ ಒಟ್ಟಿಗೆ ಅವನ ತಲೆ ನೋಡಿದೆವು. ಮೇಲಿದ್ದ ಟ್ಯೂಬ್‌ಲೈಟು ಅದರೊಳಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಎಣ್ಣೆ ಕೆಲಸ ಮಾಡಿಲ್ಲ. ಸ್ವಿಚ್ ಮಾಡಿದೆ" ಅಂದರು ಮೇಷ್ಟ್ರು.

ಮಾತು ಬದಲಿಸಲು ಸೀನ ಹೊಸ ಕಾರ್ಡು ಹೊರಗೆ ತೆಗೆದ. "ನಂಬರೂ ಬೇರೆ ಕೊಟ್ಟಿದ್ದಾರೆ, ಕೇಳಿ..." ಅಂತ ಸಂತೆಯಲ್ಲಿ ಹರಾಜು ಕೂಗುವ ದನಿಯಲ್ಲಿ ಓದಲು ಶುರು ಮಾಡಿದ. ಪಕ್ಕದ ಟೇಬಲಿನವರು ಚಮಚ ನಿಲ್ಲಿಸಿದರು. ಶಾಮಣ್ಣ ಓಡಿ ಬಂದು ಅರ್ಧ ವಡೆ ಅವನ ಬಾಯಿಗೆ ತುರುಕಿದರು. ನಾನು ಕಂಡ ಮಟ್ಟಿಗೆ ಕಾರ್ಡ್ ರಕ್ಷಣೆಗೆ ಇಷ್ಟು ಬೇಗ ಕೆಲಸ ಮಾಡುವ ಉಪಾಯ ಇನ್ನೊಂದಿಲ್ಲ.

ಮೇಷ್ಟ್ರಿಗೆ ಮಾತ್ರ ಅಂಕಿ ಕೇಳಿದ ಮೇಲೆ ಕೈ ತುರಿಸಿತು. ಸೀನ ಕತ್ತರಿಸಿ ಇಟ್ಟಿದ್ದ ಹಳೇ ಕಾರ್ಡಿನ ತುಂಡುಗಳನ್ನೇ ಜೋಡಿಸಿ, ಟಿಶ್ಯೂ ಪೇಪರಿನ ಮೇಲೆ ಲೆಕ್ಕ ಹಾಕಿದರು. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಎರಡರಿಂದ ಗುಣಿಸಬೇಕು. ಉತ್ತರ ಎರಡಂಕಿ ಬಂದರೆ ಆ ಎರಡನ್ನೂ ಕೂಡಿಸಿ ಒಂದು ಮಾಡಬೇಕು. ಆಮೇಲೆ ಎಲ್ಲಾ ಕೂಡಿದರೆ ಹತ್ತರಿಂದ ಭಾಗ ಹೋಗಬೇಕು. ಮೊತ್ತ 60 ಬಂತು. ಮೇಷ್ಟ್ರು ಆ ಕಾರ್ಡಿನ ಅಪ್ಪನ ಹಾಗೆ ಹಿಗ್ಗಿದರು.

"ಐಬಿಎಮ್ಮಿನ ಲೂನ್ ಅನ್ನೋರು ಕಂಡುಹಿಡಿದ ಲೆಕ್ಕ ಇದು. 1960ರಲ್ಲಿ ಪೇಟೆಂಟ್ ಸಿಕ್ಕಿತು."

"ಇದರಿಂದ ಕಳ್ಳ ಸಿಗ್ತಾನಾ?"

"ಇಲ್ಲಪ್ಪ. ಅಂಕಿ ತಪ್ಪಾಗಿ ಒತ್ತಿದ ಗುಮಾಸ್ತ ಸಿಗ್ತಾನೆ. ಈ ಲೆಕ್ಕ ಕಳ್ಳನಿಗೂ ಬರುತ್ತೆ."

ನನ್ನ ಜಾಣತನವನ್ನೂ ಹೇಳಿಬಿಡುತ್ತೇನೆ. ಕಾರ್ಡಿನ ಹಿಂದಿನ ಮೂರು ಅಂಕಿ ಕೆರೆದು ಹಾಕಿ ಅಂತ ಯಾರೋ ಹೇಳಿದ್ದರು. ಕೆರೆದೆ. ಮರೆಯದಿರಲಿ ಅಂತ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಟ್ಟೆ. ತಿಂಗಳ ಕೊನೆಗೆ ನನ್ನ ಹೆಂಡತಿ ಅದನ್ನೂ ಬಾಕಿಗೆ ಸೇರಿಸಿ ಹಾಲಿನವನಿಗೆ ಕೊಟ್ಟಳು. ಮೂರಂಕಿ ಅಂದರೆ ಎಷ್ಟು ಬೆಲೆ ಬಾಳುತ್ತೆ ಅಂತ ಅವತ್ತು ಗೊತ್ತಾಯಿತು.

"ಅದಿರಲಿ, ಬ್ಯಾಂಕಿಗೆ ಯಾವತ್ತು ಹೇಳಿದೆ?" ಶಾಮಣ್ಣ ಸೀನನನ್ನು ಮತ್ತೆ ಹಿಡಿದರು.

"ಗುರುವಾರ."

"ಶನಿವಾರ ಗೊತ್ತಾಗಿದ್ದಕ್ಕೆ ಗುರುವಾರವಾ!"

"ಶನಿವಾರ ಬ್ಯಾಂಕಿಗೆ ರಜೆ. ಭಾನುವಾರ ಹೇಗೂ ಇಲ್ಲ. ಸೋಮವಾರ ಹಬ್ಬ. ಮಂಗಳವಾರ ಒಳ್ಳೇ ಕೆಲಸ ಶುರು ಮಾಡಬಾರದು. ಬುಧವಾರ ಹೊರಟೆ, ರಾಹುಕಾಲ ಬಂತು."

ಶಾಮಣ್ಣ ಹಣೆ ಚಚ್ಚಿಕೊಂಡರು. "ಕಾರ್ಡ್ ಬ್ಲಾಕ್ ಮಾಡೋಕೆ ಬ್ಯಾಂಕ್ ಬಾಗಿಲು ತೆಗೆಯೋವರೆಗೂ ಕಾಯ್ತಾರೇನೋ? ಕಾರ್ಡಿನ ಹಿಂದಿರೋ ನಂಬರಿಗೆ ಮಧ್ಯರಾತ್ರಿಯಲ್ಲೂ ಫೋನ್ ಮಾಡಬಹುದು. 1930ಕ್ಕೆ ಮಾಡಿದರೆ ಸೈಬರ್ ದೂರು ತಗೋತಾರೆ. ಕಸ್ಟಮರ್ ಕೇರ್ ಅಂತ ನೆಟ್ಟಲ್ಲಿ ಹುಡುಕಿ ಸಿಕ್ಕಿದ ನಂಬರಿಗೆ ಮಾತ್ರ ಮಾಡಬೇಡ. ಒಬ್ಬ ಕಳ್ಳ ಸಾಲದು ಅಂತ ಇನ್ನೊಬ್ಬನನ್ನು ಊಟಕ್ಕೆ ಕರೆದ ಹಾಗಾಗುತ್ತೆ." ಆಮೇಲೆ ಬೆರಳು ಮಡಿಸುತ್ತಾ ಎಣಿಸಿದರು. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ ಅವರಿಗೆ ಬಾಯಿಪಾಠ. ಬ್ಯಾಂಕಿನದೂ ನಿಮ್ಮದೂ ತಪ್ಪಿಲ್ಲದೆ ಎಲ್ಲೋ ಮಧ್ಯದಲ್ಲಿ ನಂಬರು ಸೋರಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟ ಸೊನ್ನೆ. ಏಳು ಕೆಲಸದ ದಿನದೊಳಗಾದರೆ ಒಂದು ಮಿತಿಯವರೆಗೆ ನಮ್ಮ ತಲೆಗೆ. ಐದು ಲಕ್ಷದವರೆಗಿನ ಲಿಮಿಟ್ಟಿನ ಕಾರ್ಡಿಗೆ ಅದು ಹೆಚ್ಚೆಂದರೆ 10,000. ಒಟಿಪಿಯನ್ನು ನಾವೇ ಒದರಿದ್ದರೆ, ದೂರು ಕೊಡುವ ತನಕ ಹೋದದ್ದೆಲ್ಲ ನಮ್ಮದೇ.

"ಮೆಸೇಜು ಬಂದ ದಿನ ಲೆಕ್ಕಕ್ಕಿಲ್ಲ. ರಜೆಗಳೂ ಇಲ್ಲ. ಮಂಗಳವಾರ ಒಂದು, ಬುಧವಾರ ಎರಡು, ಗುರುವಾರ ಮೂರು." ಶಾಮಣ್ಣ ಬಿಟ್ಟ ಕಣ್ಣು ಬಿಟ್ಟಂತೆ ಸೀನನನ್ನು ನೋಡಿದರು. "ಹಬ್ಬ ನಿನ್ನನ್ನ ಕಾಪಾಡಿದೆ ಕಣೋ!"

"ನಾನು ಹೇಳಲಿಲ್ವಾ, ಗಳಿಗೆ ನೋಡಿ ಹೋಗಬೇಕು ಅಂತ" ಅಂದ ಸೀನ. ಹತ್ತು ಕೆಲಸದ ದಿನದೊಳಗೆ ದುಡ್ಡು ಖಾತೆಗೆ ವಾಪಸ್ ಜಮಾ ಆಯಿತಂತೆ.

"ಮತ್ಯಾಕೋ ಮುಖ ಹಾಗಿದೆ?"

ಸೀನ ನಿಧಾನಕ್ಕೆ ಬಾಯಿ ಬಿಟ್ಟ. ದೂರಿನ ಜೊತೆ ಕೊಡಲು ಸ್ಟೇಟ್‌ಮೆಂಟಿನಲ್ಲಿ ಕಳ್ಳನ ಸಾಲುಗಳಿಗೆ ಗುರುತು ಹಾಕಬೇಕಿತ್ತು. ಕನ್ನಡಕ ಸಿಗದೆ ಹೆಂಡತಿಗೆ ಕೊಟ್ಟ. ಆಕೆ ಕಳ್ಳನ ನಾಲ್ಕಕ್ಕೆ ಟಿಕ್ ಹಾಕಿ, ಐದನೆಯದರ ಮೇಲೆ ಪೆನ್ನು ನಿಲ್ಲಿಸಿದಳು. ಬಾರ್ ಅಂಡ್ ರೆಸ್ಟೋರೆಂಟ್, 6,180 ರೂಪಾಯಿ. ಅವತ್ತು ಸೀನ ಆಫೀಸಿನ ಆಡಿಟ್ ಅಂತ ತಡವಾಗಿ ಬಂದಿದ್ದ.

"ಶಾಮಣ್ಣ, ಅದನ್ನೂ ಆ ಕಳ್ಳನ ಲೆಕ್ಕಕ್ಕೇ ಸೇರಿಸೋಕೆ ಆಗಲ್ವಾ?"

"ಚಿಪ್ ತೂರಿಸಿ ಪಿನ್ ಒತ್ತಿದ್ದು ಯಾರು?"

ಸೀನ ಉಳಿದರ್ಧ ವಡೆಯನ್ನು ತಾನೇ ಬಾಯಿಗೆ ಹಾಕಿಕೊಂಡ.