ಸೂರ್ಯಕಾಂತಿ ತೆನೆ ತಟ್ಟೆಯಷ್ಟು, ಕಾಳು ಮಾತ್ರ ಜೊಳ್ಳು. ನಿಮಗೂ ಹೀಗಾಗಿದೆಯಾ?

ಬಸವನ ಬಾಗೇವಾಡಿಯಿಂದ ಕೇಳುತ್ತಿದ್ದೇನೆ. ಹೋದ ಹಿಂಗಾರಿಯಲ್ಲಿ ಎರಡು ಎಕರೆ ಎರೆ ಹೊಲಕ್ಕೆ ಸೂರ್ಯಕಾಂತಿ ಹಾಕಿದ್ದೆ. ಗೊಬ್ಬರ, ನೀರು ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ರಾಶಿ ಮಾಡುವಾಗ ನೋಡಿದರೆ ಅರ್ಧಕ್ಕರ್ಧ ಜೊಳ್ಳು. ಈ ಸಲ ಏನು ಮಾಡಲಿ? ಅನುಭವ ಇದ್ದವರು ಹೇಳಿ.

ಇಂಡಿಯಿಂದ:
ಅಣ್ಣಾ, ಹೂವಿದ್ದಾಗ ಹೊಲದಲ್ಲಿ ಜೇನು ಇತ್ತಾ? ಮೊದಲು ಅದನ್ನ ನೆನಪು ಮಾಡಿಕೊಳ್ಳಿ. ನನಗೂ ಎರಡು ವರ್ಷ ಇದೇ ಗತಿ. ಬೀಜ ಕೊಟ್ಟವರ ಜೊತೆ ಜಗಳಾನೂ ಆಡಿದೆ, ಸುಮ್ನೆ. ಬಾಜೂ ಹೊಲದಲ್ಲಿ ತೊಗರಿ ಇತ್ತು. ಕಾಯಿಕೊರಕ ಬಿತ್ತು ಅಂತ ಅವರು ಬೆಳಗ್ಗೆ ಒಂಬತ್ತಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದರು. ನನ್ನ ಹೊಲಕ್ಕೆ ಬರುವ ಜೇನೇ ತೊಗರಿ ಹೂವಿಗೂ ಹೋಗುತ್ತೆ ಅಲ್ವಾ? ಮರುದಿನ ತೆನೆ ಮೇಲೆ ಗುಂಯ್ ಅನ್ನೋ ಸದ್ದೇ ಇಲ್ಲ. ಈಗ ಅವರ ಜೊತೆ ಮಾತಾಡಿಕೊಂಡಿದ್ದೇನೆ. ಹೊಡೆಯಲೇಬೇಕಾದರೆ ಸಂಜೆ, ಜೇನು ಗೂಡು ಸೇರಿದ ಮೇಲೆ.

ಬೀಳಗಿಯಿಂದ:
ನಾನು, ನಮ್ಮವ್ವ ಕೈಯಿಂದಲೇ ಮಾಡುತ್ತೇವೆ. ಸೂರ್ಯಕಾಂತಿ ತೆನೆ ಅಂದರೆ ಒಂದು ಹೂವಲ್ಲ, ನೂರಾರು ಸಣ್ಣ ಹೂ. ಅಂಚಿನಿಂದ ಒಳಗೆ ದಿನಕ್ಕಿಷ್ಟು ಸುತ್ತು ಅರಳುತ್ತಾ ಹೋಗುತ್ತವೆ. ಒಂದೊಂದು ಹೂವೂ ಮೊದಲ ದಿನ ಹೂಪುಡಿ ಬಿಡುತ್ತೆ, ಆಮೇಲೆ ಹೆಣ್ಣಾಗುತ್ತೆ. ಹೀಗಾಗಿ ತನ್ನ ಪುಡಿ ತನಗೇ ಸರಿಯಾಗಿ ದಕ್ಕಲ್ಲ, ಇನ್ನೊಂದು ಹೂವಿನದು ಬರಬೇಕು. ತರುವುದು ಜೇನು. ಜೇನು ಕಡಿಮೆ ಇದ್ದರೆ ಮೆತ್ತನೆ ಹತ್ತಿ ಬಟ್ಟೆಯನ್ನ ಕೈಗೆ ಸುತ್ತಿಕೊಂಡು ಒಂದೊಂದೇ ತೆನೆ ಸವರುತ್ತಾ ಹೋಗಿ. ಬೆಳಗ್ಗೆ 8ರಿಂದ 11ರ ಒಳಗೆ, ದಿನ ಬಿಟ್ಟು ದಿನ. ಒಂದೇ ದಿನ ಸವರಿ ಬಿಟ್ಟರೆ ಒಂದೆರಡು ಸುತ್ತು ಮಾತ್ರ ಕಾಳು ಕಟ್ಟುತ್ತೆ. ಅರ್ಧ ಎಕರೆಗೆ ಇದು ಸರಿ. ಎರಡು ಎಕರೆಗೆ ಕೈ ಸೋಲುತ್ತೆ, ಖರೇನೇ ಹೇಳುತ್ತೇನೆ.

ಖಾನಾಪುರದಿಂದ:
ನಾನು ತುಡುವೆ ಜೇನು ಸಾಕುತ್ತೇನೆ. ಎಕರೆಗೆ ಎರಡು ಪೆಟ್ಟಿಗೆ ಇಡಿ. ಹೂ ಶುರುವಾಗುವ ಮೊದಲೇ ತಂದರೆ ಜೇನು ಬೇರೆ ಹೂವಿನ ರೂಢಿ ಮಾಡಿಕೊಳ್ಳುತ್ತೆ. ಹತ್ತರಲ್ಲಿ ಒಂದು ತೆನೆ ಅರಳಿದಾಗ, ರಾತ್ರಿ ಹೊತ್ತು ತನ್ನಿ. ನೆರಳು, ಹತ್ತಿರದಲ್ಲಿ ನೀರು ಬೇಕೇ ಬೇಕು. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡಿ, ಇಲ್ಲದಿದ್ದರೆ ಇರುವೆ ಬಿಡಲ್ಲ. ಹೂ ಮುಗಿದ ಮೇಲೆ ಪೆಟ್ಟಿಗೆ ಅಲ್ಲೇ ಬಿಡಬೇಡಿ. ಸುತ್ತ ಜೋಳ ಇದೆಯಲ್ಲಾ ಅಂತೀರಿ. ಜೋಳದಲ್ಲಿ ಹೂಪುಡಿ ಸಿಗುತ್ತೆ, ಮಕರಂದ ಇಲ್ಲ.

ಮುಧೋಳದಿಂದ:
ಎಲ್ಲಾನೂ ಜೇನಿನ ತಲೆಗೆ ಕಟ್ಟಬೇಡಿ ಮತ್ತೆ. ನಟ್ಟನಡುವಿನ ಕೆಲವು ಕಾಳು ಹೇಗೂ ಜೊಳ್ಳೇ. ಬೋರಾನ್ ಅನ್ನೋ ಪೋಷಕಾಂಶ ಕಡಿಮೆಯಾದರೂ ಹೀಗಾಗುತ್ತೆ. ಅಂಚಿನ ಹಳದಿ ಎಸಳು ಬಿಚ್ಚುವಾಗ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ (ಬೋರಾನ್ ಇರುವ ಪುಡಿ) ಹಾಕಿ ತೆನೆಗೆ ಹೊಡೆಯುತ್ತೇನೆ. ಅದೂ ಸಂಜೇನೇ.

ಬಸವನ ಬಾಗೇವಾಡಿಯಿಂದ ಮತ್ತೆ:
ಎಲ್ಲರಿಗೂ ಶರಣು. ನೆನಪಾಯಿತು. ಬಾಜೂ ಹೊಲದವರಲ್ಲ, ನಾನೇ ಹೊಡೆಸಿದ್ದೆ. ತುಂಬಿದ ಹೂವಿನಲ್ಲಿ, ಆಳು ಬೆಳಗ್ಗೆ ಮಾತ್ರ ಬರುತ್ತಾನೆ ಅಂತ. ಖಾನಾಪುರದ ಅಣ್ಣಾ, ನಾಲ್ಕು ಪೆಟ್ಟಿಗೆ ಬಾಡಿಗೆಗೆ ಕೊಡುತ್ತೀರಾ?