ಶಹಾಬಾದ್ ಕಲ್ಲಿನ ನೆಲಕ್ಕೆ ನಿಂಬೆರಸ ಬಳಸಬಹುದೇ?

ಪ್ರಶ್ನೆ (ರಾಯಚೂರು): ಬೋರ್‌ವೆಲ್‌ನ ಗಡಸು ನೀರಿನಿಂದ ನಲ್ಲಿಗಳ ಮೇಲೆ ಕಟ್ಟಿದ್ದ ಬಿಳಿ ಪದರವು ನಿಂಬೆರಸದಿಂದ ಚೆನ್ನಾಗಿ ಹೋಯಿತು. ಅದನ್ನೇ ಶಹಾಬಾದ್ ಕಲ್ಲಿನ ನೆಲಕ್ಕೂ ಹಚ್ಚಬಹುದೇ?

ಉತ್ತರ 1: ದಯವಿಟ್ಟು ಹಚ್ಚಬೇಡಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲಾದ್ದರಿಂದ, ನಲ್ಲಿಯ ಪದರವನ್ನು ಕರಗಿಸಿದ ಆಮ್ಲವೇ ಕಲ್ಲಿನ ಮೈಯನ್ನೂ ತಿಂದು ಅದರ ಹೊಳಪನ್ನು ಕಳೆಯುತ್ತದೆ. ನಮ್ಮ ಅಡುಗೆಮನೆಯಲ್ಲಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಂಬಿಗೆ ತಿಕ್ಕಿದ ಜಾಗದ ಗುರುತು ಇಂದಿಗೂ ಹೋಗಿಲ್ಲ.

ಉತ್ತರ 2: ನಿಂಬೆರಸದ ಬದಲು ಅಂಟುವಾಳದ ನೀರು ಬಳಸಿ. ಹತ್ತು ಅಂಟುವಾಳಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿಯಿಡೀ ಒಂದು ಲೀಟರ್ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕುದಿಸಿ ಸೋಸಿಕೊಳ್ಳಿ. ಒಂದು ಲೋಟದಷ್ಟನ್ನು ಬಕೆಟ್ ನೀರಿಗೆ ಬೆರೆಸಿ ನೆಲ ಒರೆಸಿ, ಬಳಿಕ ಬರೀ ನೀರಿನಿಂದ ಮತ್ತೊಮ್ಮೆ ಒರೆಸಿರಿ. ಅದು ಬೇಗನೆ ಕೆಡುವುದರಿಂದ ಸ್ವಲ್ಪವೇ ಮಾಡಿಕೊಳ್ಳಿ.

ಉತ್ತರ 3: ನಿಂಬೆರಸವನ್ನು ಬ್ಲೀಚಿಂಗ್ ಪುಡಿಯೊಂದಿಗೆ ಎಂದಿಗೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.