ಪ್ಲೇಗ್ ಹೋದರೂ ಪ್ಲೇಗಮ್ಮ ಉಳಿದದ್ದು ಹೇಗೆ?

ಗಡಿಕಲ್ಲು: ಬೆಂಗಳೂರು, ಮೈಸೂರು ಕಡೆಯ ಪ್ಲೇಗ್ ಮಾರಮ್ಮನ ಗುಡಿಗಳ ಮಾಹಿತಿ ಕಲೆಹಾಕುತ್ತಿದ್ದೇನೆ. ಗಡ್ಡೆ ಕಾಯಿಲೆ, ಅಂದರೆ ಪ್ಲೇಗ್, ಬರದಿರಲೆಂದು ಪೂಜಿಸಿದ ಅಮ್ಮನಿಗೆ ಈಗ ಮದುವೆ, ಮಕ್ಕಳು, ಸೈಟು ಎಂದು ಹರಕೆ ಹೊರುತ್ತಾರೆ. ಅಷ್ಟು ಸಾವು ಕಂಡ ಜನ ದೇವರ ಮೇಲೆ ಮುನಿಯಲಿಲ್ಲವೇ? ಹಿರಿಯರನ್ನು ಏನು ಕೇಳಬೇಕು, ಎಲ್ಲಿ ಎಡವುವ ಸಾಧ್ಯತೆ ಇದೆ?

ಹಳೇಕಡತ: ಮೊದಲು ಕಾಯಿಲೆಯ ನಡೆ ತಿಳಿದುಕೊಳ್ಳಿ. ಪ್ಲೇಗ್ 1896ರಲ್ಲಿ ಮುಂಬೈಗೆ, 1898ರಲ್ಲಿ ಬೆಂಗಳೂರಿಗೆ ಬಂತು. ಬಂದದ್ದು ಒಂದೇ ಸಲವಲ್ಲ, ವರ್ಷಗಟ್ಟಲೆ ಮರುಕಳಿಸಿತು. ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದ ಗುಡಿಸಲು ಸೇರುತ್ತಿದ್ದರು. ಅದು ಸರಿಯಾದ ಕ್ರಮವೇ ಆಗಿತ್ತು: ಸತ್ತ ಇಲಿಯ ಮೈ ತಣ್ಣಗಾದಂತೆ ಚಿಗಟಗಳು ಅದನ್ನು ಬಿಟ್ಟು ಮನುಷ್ಯರಿಗೆ ಹತ್ತುತ್ತವೆ. ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಇದನ್ನು ತೋರಿಸಿದ್ದೂ 1898ರಲ್ಲೇ. ಆದರೆ ನಮ್ಮ ಮನೆಗೇ ಯಾಕೆ ಬಂತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಆ ಜಾಗದಲ್ಲಿ ಅಮ್ಮ ನಿಂತಳು. ಬೇನೆ ತರುವವಳೂ ತೆಗೆಯುವವಳೂ ಮಾರಿಯೇ ಆದ್ದರಿಂದ ಸಾವುಗಳು ಅವಳನ್ನು ಸುಳ್ಳು ಮಾಡಲಿಲ್ಲ, ಅವಳ ಸಿಟ್ಟಿಗೆ ಪುರಾವೆಯಾದವು. ಕಾಯಿಲೆ ಇಳಿದಮೇಲೆ, ಊರಗಡಿ ದಾಟಿಸಿ ಕಳಿಸಬೇಕಾಗಿದ್ದವಳನ್ನೇ ಗಡಿ ಕಾಯಲು ಇಟ್ಟುಕೊಂಡರು. ನಂಬಿಕೆ ಬದಲಾದದ್ದು ಇಲ್ಲಿ ಎಂಬುದು ನನ್ನ ಅಭಿಪ್ರಾಯ.

ಬೇವಿನಸೊಪ್ಪು: ಅಮ್ಮನಿಗೆ ಬೆಳಗುವ ತಂಬಿಟ್ಟಿನ ಆರತಿಯನ್ನು ಹತ್ತಿರದಿಂದ ನೋಡಿ. ಎರಡು ಪಾವು ಅಕ್ಕಿ ಒಂದೆರಡು ಗಂಟೆ ನೆನೆಸಿ, ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಆರಿಸಿ, ಪಸೆ ಇರುವಾಗಲೇ ಕುಟ್ಟಿ ಜರಡಿ ಹಿಡಿಯಬೇಕು. ಸುಮಾರು ಒಂದು ಪಾವು ಪುಡಿಬೆಲ್ಲ ಸೇರಿಸಿ ನಾದಬೇಕು. ಬೆಲ್ಲವೇ ನೀರು ಬಿಡುತ್ತದೆ. ಮೇಲೆ ನೀರು ಸುರಿದರೆ ಆರತಿ ಕುಸಿಯುತ್ತದೆ, ಹಿಟ್ಟು ಪೂರ್ತಿ ಒಣಗಿದ್ದರೆ ಬಿರುಕು ಬಿಟ್ಟು ತುಪ್ಪ ಸೋರುತ್ತದೆ. ನಡುವೆ ಗುಳಿ ಒತ್ತಿ ತುಪ್ಪದ ಬತ್ತಿ. ಜೊತೆಗೆ ಮೊಸರನ್ನ, ಬೇವು, ಪಾನಕ: ಸಿಟ್ಟು ಇಳಿಸುವ ತಂಪಿನ ಎಡೆ. ಹರಕೆ ಸೈಟಿನದಾದರೂ ಎಡೆ ತಂಪಿನದೇ ಆಗಿದ್ದರೆ ಹಳೆಯ ಭಯದ ಗುರುತು ಅಲ್ಲಿ ಉಳಿದಿದೆ.

"ನಂಬಿಕೆ ಇದೆಯಾ" ಎಂದು ಕೇಳಬೇಡಿ, ಎಲ್ಲರೂ ಇದೆ ಅಂತಾರೆ. "ಹರಕೆ ಹೊತ್ತಮೇಲೂ ಮನೆಯಲ್ಲಿ ಸಾವಾದರೆ ಆ ಹರಕೆ ಏನು ಮಾಡ್ತಿದ್ರು?" ಎಂದು ಕೇಳಿ. ತೀರಿಸಿದರೋ, ಬಿಟ್ಟರೋ, ಬೇರೆ ದೇವರಿಗೆ ನಡೆದುಕೊಂಡರೋ? ಚುಚ್ಚುಮದ್ದು ಹಾಕಿಸಿಕೊಂಡ ಮನೆಗಳಲ್ಲಿ ಆರತಿ ನಿಂತಿತೇ ಎಂಬುದನ್ನೂ ಬಿಡಬೇಡಿ.

ಎರಡನೇಮಾತು: ಮೇಲಿನ ಎರಡೂ ಉತ್ತರಗಳು ಗುಡಿಗೆ ಬರುವವರ ಮಾತು. ಮುನಿದವರು ಗುಡಿಗೇ ಬರುವುದಿಲ್ಲವಲ್ಲ! ಬಾಗಿಲಲ್ಲಿ ನಿಂತು ಕೇಳಿದರೆ ಉಳಿದವರ ನಂಬಿಕೆ ಮಾತ್ರ ಸಿಗುತ್ತದೆ, ಅದನ್ನೇ ಇಡೀ ಊರಿನದೆಂದು ಬರೆದುಬಿಡುತ್ತೇವೆ. ಯಾವ ಮನೆಯ ಆರತಿ ನಿಂತಿತು, ಯಾರು ಮನೆದೇವರನ್ನು ಬದಲಿಸಿದರು ಎಂದು ಹುಡುಕಿಕೊಂಡು ಹೋಗಿ.

ಹೆಸರನ್ನೂ ಸುಮ್ಮನೆ ನಂಬಬೇಡಿ. ಮೊದಲೇ ಇದ್ದ ಮಾರಮ್ಮನಿಗೆ ಆಮೇಲೆ ಪ್ಲೇಗ್ ಸೇರಿಕೊಂಡಿರಬಹುದು. ಗೋಡೆಯ ಗ್ರಾನೈಟ್ ಫಲಕದಲ್ಲಿರುವ ಇಸವಿ ಜೀರ್ಣೋದ್ಧಾರದ್ದಾಗಿರಬಹುದು. ಮುಜರಾಯಿ ಕಡತ, ಹಳೆಯ ಗ್ರಾಮನಕ್ಷೆ ನೋಡದೆ 1898 ಎಂದು ಬರೆಯಬೇಡಿ. 2021ರಲ್ಲಿ ಕೊಯಮತ್ತೂರಿನಲ್ಲಿ ಕೊರೊನಾ ದೇವಿಯನ್ನು ಪ್ರತಿಷ್ಠಾಪಿಸಿದ್ದು ಒಂದು ಮಠ. ಊರವರೇ ಸೇರಿ ಪೂಜೆಗೆ ತಂದ ಮಾರಮ್ಮನ ಜೊತೆ ಅದನ್ನು ಒಂದೇ ಪಟ್ಟಿಗೆ ಹಾಕುವ ಮೊದಲು ಯೋಚಿಸಿ.